ಅಪ್ಪ ಹೆಣವಾದ ಮಧ್ಯಾಹ್ನ

ಆಗೆಲ್ಲ ನಮಗೆ ಮೇ ತಿಂಗಳೆಂದರೆ ಊರು. ಶಾಲೆಯ ರಿಸಲ್ಟ್ ಕೈಗೆ ಬಂದದ್ದೇ ತಡ, ಬೊಂಬಾಯಿಯ ಆಂಟಾಪ್ ಹಿಲ್ಲಿನ ನಮ್ಮ ಬಿಲ್ಡಿಂಗಿನ ಮುಕ್ಕಾಲು ಪಾಲು ಮಕ್ಕಳು ಸೂಟ್‌ಕೇಸು, ಚಾಪೆ, ನೀರಿನ ಬಾಟಲಿ ಸಮೇತ ಕುರ್ಲಾ ಟರ್ಮಿನಸ್ಸಿನಿಂದ ಗಾಡಿ ಹತ್ತಿಬಿಡುತ್ತಿದ್ದರು. ಉಳಿದವರು ಕಾಂಪೌಂಡಿನಲ್ಲಿ ಲಗೋರಿ ಆಡಿ, ಕೈರಿ ಅನ್ನುವ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿಂದು, ಗಾಡಿಯವನ ಐಸ್ ತುರಿದ ಬರ್ಫದ ಗೋಲಾ ಚೀಪಿ ನಾಲಗೆ ಕೆಂಪು ಮಾಡಿಕೊಂಡು, ಹೋದವರು ಯಾವಾಗ ಬರುತ್ತಾರೆಂದು ಕಾಯುತ್ತಿದ್ದರು. ನಾವು ಪ್ರತಿ ವರ್ಷ ಹೋಗುವವರ ಗುಂಪಿನಲ್ಲಿದ್ದೆವು. ಆ ಒಂದು ವರ್ಷ ಮಾತ್ರ ಉಳಿದೆವು.

ಹಿಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮ ತೀರಿಕೊಂಡಿದ್ದಳು. ಜ್ವರ ಎಂದು ಆಸ್ಪತ್ರೆಗೆ ಹೋದವಳನ್ನು ವಾಪಸು ತಂದು ನಮ್ಮ ಹಾಲ್‌ನಲ್ಲಿ ಮಲಗಿಸಿದರು, ಆಮೇಲೆ ಕರೆದುಕೊಂಡು ಹೋದರು. ವರ್ಷ ತುಂಬುವ ತನಕ ಮನೆಯಲ್ಲಿ ಹಬ್ಬವಿಲ್ಲ, ಹೊಸ ಬಟ್ಟೆ ಇಲ್ಲ. ದೀಪಾವಳಿಗೆ ಪಕ್ಕದ ಮನೆಯವರು ತಂದುಕೊಟ್ಟ ಚಕ್ಕುಲಿ ತಿಂದು ಸುಮ್ಮನೆ ಕೂತಿದ್ದೆವು. ಬಂದವರೆಲ್ಲ ನನ್ನ ಗಲ್ಲ ಹಿಡಿದು, “ಅಮ್ಮನ ನೆನಪಾಗ್ತದಾ ಪುಟ್ಟಿ?” ಎಂದು ಕೇಳುತ್ತಿದ್ದರು. ಅವರಿಗೆ ಬೇಕಾದದ್ದು ಅದೇ ಎಂದು ನಾನು “ಹೂಂ” ಅನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಏನೂ ಆಗುತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ಕೆನ್ನೆ ಜೋಮು ಹಿಡಿದಿರುತ್ತದಲ್ಲ, ಕಚ್ಚಿಕೊಂಡರೂ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು. ಅಣ್ಣನಿಗೂ ಹಾಗೇ ಇತ್ತೆಂದು ಕಾಣುತ್ತದೆ. ಕೇಳಿಲ್ಲ.

ಅಪ್ಪ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ. ಮನೆಗೆ ಬರುವಾಗ ಅಂಗಿಯಲ್ಲಿ ಕಾಫಿಯ, ಸಾಂಬಾರಿನ ವಾಸನೆಯನ್ನೂ ಬಾಯಿಯಲ್ಲಿ ಗಿರಾಕಿಗಳ ಕತೆಗಳನ್ನೂ ತರುತ್ತಿದ್ದವನು ಅಮ್ಮ ಹೋದ ಮೇಲೆ ವಾಸನೆ ಮಾತ್ರ ತರತೊಡಗಿದ. ಅವನ ಮಾತು ನಿಂತುಹೋಯಿತು, ಅದರ ಬೆನ್ನಿಗೇ ನಿದ್ದೆಯೂ. ಮಲಗುತ್ತಿದ್ದ, ಕಣ್ಣು ಮುಚ್ಚುತ್ತಿರಲಿಲ್ಲ. ಬೆಳಿಗ್ಗೆ ನಾವು ಏಳುವಾಗ ಫ್ಯಾನು ನೋಡುತ್ತಾ ಮಲಗಿರುತ್ತಿದ್ದ. ಕಣ್ಣಿನ ಕೆಳಗೆ ಕಪ್ಪಾಗಿ, ಕೆನ್ನೆ ಒಳಗೆ ಹೋಗಿ, ಯಾರದೋ ಫೋಟೋದಲ್ಲಿರುವ ಮನುಷ್ಯನ ಹಾಗೆ ಕಾಣುತ್ತಿದ್ದ. “ರಘುವಣ್ಣ ಗಲ್ಲಾದಲ್ಲಿ ಕೂತೇ ಎಲ್ಲಿಗೋ ಹೋಗಿಬಿಡ್ತಾರೆ ಮಾರಾಯ್ತಿ, ಗಿರಾಕಿ ಕರೆದು ಕರೆದು ಸುಸ್ತು” ಎಂದು ವಾಸಣ್ಣ ನನ್ನ ಹತ್ತಿರ ಹೇಳುತ್ತಿದ್ದ. ವಾಸಣ್ಣ ಅದೇ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವನು. ರಜೆಯ ದಿನ ನಮ್ಮನೆಗೆ ಬಂದು ಏನಾದರೂ ಮಾಡಿಟ್ಟು ಹೋಗುತ್ತಿದ್ದ.

ಉಡುಪಿಯಿಂದ ಅತ್ತೆ, ಅಂದರೆ ಅಪ್ಪನ ಅಕ್ಕ, ಪ್ರತಿ ಭಾನುವಾರ ಫೋನು ಮಾಡುತ್ತಿದ್ದರು. ಅವರ ದನಿ ಫೋನಿನಿಂದ ಹೊರಗೆ ಬಂದು ಇಡೀ ಹಾಲ್‌ಗೆ ಕೇಳುತ್ತಿತ್ತು.

“ಹುಡುಗ ನಿನ್ನ ಹತ್ರ ಇರ್ಲಿ ರಘು. ಹುಡುಗಿಯನ್ನು ನಾನು ಕರ್ಕೊಂಡು ಬರ್ತೇನೆ. ಜೂನಿಗೆ ಇಲ್ಲೇ ಶಾಲೆಗೆ ಹಾಕುವ. ಹೆಣ್ಣುಮಗು ದೊಡ್ಡದಾಗ್ತಾ ಬಂತು, ಗಂಡಸರೇ ಇರುವ ಮನೇಲಿ ಹೇಗೆ ಬೆಳೀತದೆ ಹೇಳು?”

“ನೋಡುವ ಅಕ್ಕ” ಅನ್ನುತ್ತಿದ್ದ ಅಪ್ಪ.

ಮುಂದಿನ ಭಾನುವಾರವೂ ಅದೇ ಪ್ರಶ್ನೆ, ಅದೇ “ನೋಡುವ”. ಅದು ಹೌದೂ ಆಗಿರಲಿಲ್ಲ, ಇಲ್ಲವೂ ಆಗಿರಲಿಲ್ಲ. ಕೇಳಿ ಕೇಳಿ ಸಾಕಾಗಿ ಅತ್ತೆ ತಾವೇ ಮೇ ಕೊನೆಗೆ ಟಿಕೆಟ್ ಮಾಡಿಸಿಬಿಟ್ಟರು. ಬರುವುದಕ್ಕೆ ಒಂದು, ಹೋಗುವುದಕ್ಕೆ ಎರಡು. ಎರಡನೆಯದು ನನ್ನದು ಎಂದು ಯಾರೂ ನನಗೆ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅಪ್ಪ ಇಲ್ಲ ಅನ್ನದಿದ್ದರೆ ನಾನು ಹೋಗುವುದೇ.

ಆ ಟಿಕೆಟಿನ ಸುದ್ದಿ ಬಂದ ದಿನ ಅಣ್ಣ ಸಂಜೆಯವರೆಗೆ ಕಾಂಪೌಂಡಿನಲ್ಲಿ ಕ್ರಿಕೆಟ್ ಆಡಿ ಬಂದು, ಬೆವರು ಒರೆಸಿಕೊಳ್ಳುತ್ತಾ ಹೇಳಿದ: “ಅಷ್ಟರೊಳಗೆ ಒಂದು ಫಿಲ್ಮ್ ಮಾಡುವ.”

“ಯಾಕೆ?”

“ನೀನು ಹೋದ್ರೆ ಆಕ್ಟಿಂಗ್‌ಗೆ ಯಾರೂ ಇಲ್ಲ ನಾ.”

ನನ್ನನ್ನು ಬಿಟ್ಟು ಇರಲಾರೆ ಎಂದು ಅವನು ಹೇಳಿದ್ದು ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ಅವನಿಗೆ ಆಗ ಸಿನಿಮಾ ಹುಚ್ಚು. ಟೀವಿಯಲ್ಲಿ ಬರುವ ಪೊಲೀಸು ಕಳ್ಳರ ಕತೆಗಳನ್ನೆಲ್ಲ ನೋಡಿ, ಮೂಲೆಯ ಅಂಗಡಿಯ ಸಮೋಸದ ಕಾಗದದ ಮೇಲೂ ಶಾಟ್ ಬರೆಯುತ್ತಿದ್ದ. ಮೊದಲು ಅವನಿಗೆ ಬಾಂಬು ಬೇಕಿತ್ತು, ಕಾರು ಬೇಕಿತ್ತು. ಎರಡೂ ಇರಲಿಲ್ಲ. ನಮ್ಮ ಹತ್ತಿರ ಇದ್ದದ್ದು ಒಂದು ಹಾಲ್, ಒಂದು ಅಡುಗೆಮನೆ, ಅಮ್ಮನ ಕ್ಯಾಮೆರಾ ಫೋನು.

“ಇಬ್ಬರು ಕಳ್ಳರು ಒಂದು ಮನೆಗೆ ನುಗ್ತಾರೆ” ಎಂದ.

“ಮನೆಯವನು ಮೊದಲೇ ಸತ್ತುಹೋಗಿರ್ತಾನೆ” ಎಂದೆ ನಾನು.

ಅಣ್ಣ ನನ್ನ ಮುಖ ನೋಡಿದ. ಆಮೇಲೆ “ಮುಂದೆ?” ಎಂದ.

ಮುಂದಿನದನ್ನು ಇಬ್ಬರೂ ಸೇರಿ ಕಟ್ಟಿದೆವು. ಓಡಿಹೋದರೆ ಕೊಲೆ ತಮ್ಮ ತಲೆಗೇ ಬರುತ್ತದೆ ಎಂದು ಕಳ್ಳರಿಗೆ ಹೆದರಿಕೆ. ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಬಂದು ಬಾಗಿಲು ಬಡಿಯುತ್ತಾಳೆ. ಇವರು ಸತ್ತವನ ನೆಂಟರು, ಊರಿಂದ ಬಂದವರು ಎಂದು ತಾನೇ ತಿಳಿದುಕೊಳ್ಳುತ್ತಾಳೆ. ಅಲ್ಲಿಗೆ ಕಳ್ಳರ ಕತೆ ಮುಗಿಯಿತು. ಹೆಣದ ತಲೆ ಯಾವ ಕಡೆ, ದೀಪ ಎಲ್ಲಿ, ತುಳಸಿ ಯಾವಾಗ, ಒಂದೂ ಅವರಿಗೆ ಗೊತ್ತಿಲ್ಲ. ಒಬ್ಬರನ್ನೊಬ್ಬರು ಬೈದುಕೊಂಡು, ಕದಿಯಲು ಬಂದ ಮನೆಯ ದೀಪಕ್ಕೆ ಕದಿಯಲು ಬಂದ ಮನೆಯ ಎಣ್ಣೆಯನ್ನೇ ಹಾಕಿ, ಹನ್ನೆರಡು ದಿನದ ಕೆಲಸಕ್ಕೆ ಸಿಕ್ಕಿಬೀಳುತ್ತಾರೆ. ನಡುವೆ ಒಬ್ಬ ಕಳ್ಳ ತಪ್ಪಿಸಿಕೊಳ್ಳಲು ನೋಡಿ, ಬಾಗಿಲಲ್ಲಿ ಮರ್ಯಾದೆಗೆ “ಹೋಗಿ ಬರ್ತೇನೆ” ಅಂದುಬಿಡುತ್ತಾನೆ. ಸಾವಿನ ಮನೆಯಲ್ಲಿ ಯಾರಾದರೂ ಹಾಗನ್ನುತ್ತಾರಾ? ಪಕ್ಕದ ಮನೆಯ ಹೆಂಗಸು ಅವನ ಕಿವಿ ಹಿಂಡಿ ಒಳಗೆ ಕೂರಿಸುತ್ತಾಳೆ. ಈ ಜಾಗ ಬಂದಾಗ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲಿರಬೇಕು.

ಇದೆಲ್ಲ ಮಕ್ಕಳಿಗೆ ಹೇಗೆ ಗೊತ್ತು ಎಂದು ಈಗ ಅನ್ನಿಸಬಹುದು. ಹಾಲ್‌ನ ಮೂಲೆಯಲ್ಲಿ ನಿಂತು ನೋಡಿದವರು ನಾವೇ. ಆವತ್ತು ನಮ್ಮಿಬ್ಬರಿಗೂ ಬೇರೆ ಕೆಲಸ ಇರಲಿಲ್ಲ. ಹಾಗಾಗಿ ಎಲ್ಲವನ್ನೂ ಸರಿಯಾಗಿ ನೋಡಿದ್ದೆವು.

ಫೋನಿನಲ್ಲಿ ಜಾಗ ಇರಲಿಲ್ಲ. ವೀಡಿಯೋ ಒತ್ತಿದರೆ ಮೆಮರಿ ಫುಲ್ ಎಂದು ಬರುತ್ತಿತ್ತು. ಅಣ್ಣ ಒಂದೊಂದೇ ತೆಗೆಯುತ್ತಾ ಹೋದ. ನಮ್ಮ ಫೋಟೋಗಳನ್ನು ಬಿಟ್ಟ, ಅಮ್ಮ ತುಂಬಿಸಿಕೊಂಡಿದ್ದ ಭಜನೆಗಳನ್ನು ಬಿಟ್ಟ, ಕೈತಪ್ಪಿ ತೆಗೆದ ಫೋಟೋಗಳನ್ನು ಅಳಿಸಿದ. ನೆಲ, ಚಪ್ಪಲಿ, ಸೀರೆಯ ಅಂಚು, ಲೆನ್ಸಿಗೆ ಅಡ್ಡ ಬಂದ ಹೆಬ್ಬೆರಳು. ಅಂಥವು ಬೇಕಾದಷ್ಟಿದ್ದವು. ಅಮ್ಮ ಯಾವಾಗಲೂ ನಮ್ಮ ಫೋಟೋ ತೆಗೆಯುವವಳು, ತಾನು ಫೋಟೋದಲ್ಲಿ ಇರುತ್ತಿರಲಿಲ್ಲ. ಅವಳು ಇದ್ದದ್ದು ಆ ಹೆಬ್ಬೆರಳಿನ ಫೋಟೋಗಳಲ್ಲಿ ಮಾತ್ರ ಎಂದು ನನಗೆ ಹೊಳೆದದ್ದು ಕಾಲೇಜಿಗೆ ಹೋಗುವಾಗ, ಲೋಕಲ್ ರೈಲಿನಲ್ಲಿ ನಿಂತಿದ್ದಾಗ. ಆಗ ಹೊಳೆದು ಏನು ಪ್ರಯೋಜನ.

ಕಳ್ಳ ನಂಬರ್ ಒಂದು ನಾನು, ಕಾಡಿಗೆಯ ಮೀಸೆ. ಕಳ್ಳ ನಂಬರ್ ಎರಡು ವಾಸಣ್ಣ, ಅವನಿಗೆ ಸ್ವಂತದ್ದೇ ಮೀಸೆ ಇತ್ತು. ಪಕ್ಕದ ಮನೆಯ ಹೆಂಗಸಿಗೆ ನಿಜವಾಗಿ ಪಕ್ಕದ ಮನೆಯವರೇ ಆದ ಧಾರವಾಡ ಕಡೆಯ ಶಾಂತಕ್ಕ. “ನನಗ್ ಆಕ್ಟಿಂಗ್ ಗೀಕ್ಟಿಂಗ್ ಬರಂಗಿಲ್ಲ ನೋಡಪಾ” ಎನ್ನುತ್ತಲೇ ಯಾವ ಸೀರೆ ಉಡಲಿ ಎಂದು ಎರಡು ಸೀರೆ ತಂದು ತೋರಿಸಿದರು. ತಂಟೆ ಬಂದದ್ದು ಹೆಣಕ್ಕೆ. ದಿಂಬಿಗೆ ಬೆಡ್‌ಶೀಟು ಹೊದಿಸಿದರೆ ದಿಂಬಿನ ಹಾಗೇ ಕಾಣುತ್ತಿತ್ತು. ವಾಸಣ್ಣನನ್ನು ಕೇಳಿದರೆ, “ಬೇಕಾದ್ರೆ ಪೊಲೀಸರ ಕೈಲಿ ಪೆಟ್ಟು ತಿಂತೇನೆ ಡೈರೆಕ್ಟ್ರೇ, ಹೆಣ ಮಾತ್ರ ಆಗುದಿಲ್ಲ. ಊರಲ್ಲಿ ಅಮ್ಮ ಇದ್ದಾರೆ” ಎಂದು ಕೈಮುಗಿದ.

ಅಪ್ಪನಿಗೆ ಆವತ್ತು ರಜೆ. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದ. ನಮ್ಮ ಗಲಾಟೆ ಅವನಿಗೆ ಕೇಳುತ್ತದೆಂದೇ ನಾವು ಅಂದುಕೊಂಡಿರಲಿಲ್ಲ.

“ನಾನು ಮಲಗ್ತೇನೆ” ಎಂದ.

ಅಪ್ಪ ಎದ್ದು ಬಂದು, ಪಂಚೆ ಸರಿಮಾಡಿಕೊಂಡು, ಹಾಲ್‌ನ ಮಧ್ಯೆ ಚಾಪೆಯ ಮೇಲೆ ಮಲಗಿದ. ಟೀವಿಯ ಕಡೆ ತಲೆ ಹಾಕಿದ್ದ. “ಆ ಕಡೆ ಅಲ್ಲ ಅಪ್ಪಾ, ದಕ್ಷಿಣ ಈ ಕಡೆ” ಎಂದೆ. ಅವನು ತಿರುಗಿ ಮಲಗಿದ.

ಕತೆಯಲ್ಲಿ ದೀಪ, ತುಳಸಿ ಎಲ್ಲ ಆಮೇಲೆ ಬರುವಂಥವು, ಆದರೆ ಹೆಣ ಹೆಣದ ಹಾಗೆ ಕಾಣಲಿ ಎಂದು ಮೊದಲೇ ಇಟ್ಟೆವು. ಅಣ್ಣ ತೆಂಗಿನಕಾಯಿ ಒಡೆದು ಎರಡು ಹೋಳಿನಲ್ಲೂ ಎಣ್ಣೆ ಹಾಕಿ ಬತ್ತಿ ಹಚ್ಚಿದ. ಒಂದು ತಲೆಯ ಹತ್ತಿರ, ಒಂದು ಕಾಲಿನ ಹತ್ತಿರ. ನಾನು ಮೂಗಿಗೆ ಹತ್ತಿ ಇಟ್ಟೆ, ಗಲ್ಲದಿಂದ ತಲೆಯ ಮೇಲಕ್ಕೆ ಬಿಳಿ ಬಟ್ಟೆ ಕಟ್ಟಿದೆ, ಬಾಲ್ಕನಿಯ ಕುಂಡದಿಂದ ತುಳಸಿ ತಂದು ತುಟಿಯ ಮೇಲಿಟ್ಟೆ, ಕಾಲಿನ ಎರಡೂ ಹೆಬ್ಬೆರಳು ಜೋಡಿಸಿ ದಾರ ಸುತ್ತಿ ಗಂಟು ಹಾಕಿದೆ. ಅಪ್ಪನ ಕಾಲು ಬೆಚ್ಚಗಿತ್ತು. ನನಗೆ ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಗಂಟು ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬುದಷ್ಟೇ ತಲೆಯಲ್ಲಿತ್ತು. ವಾಸಣ್ಣ ಒಂದು ಸಲ ನೋಡಿ, “ಸಾಕು ಸಾಕು, ಇಷ್ಟು ಸರಿಯಾಗಿ ಬೇಡ” ಎಂದು ಅಡುಗೆಮನೆಗೆ ಹೋಗಿಬಿಟ್ಟ. ಅವನ ಎಂಟ್ರಿ ಹೇಗೂ ಅಲ್ಲಿಂದಲೇ ಇತ್ತು.

“ರೋಲಿಂಗ್” ಎಂದ ಅಣ್ಣ. “ಆಕ್ಷನ್.”

ನಾನೂ ವಾಸಣ್ಣನೂ ತುದಿಗಾಲಲ್ಲಿ ಬಂದೆವು. ನಾನು ಹೆಣವನ್ನು ಎಡವಿ ನಿಂತೆ.

“ಅರೇ, ಇವನು ಸತ್ತಿದ್ದಾನೆ!”

“ನೀನು ಕೊಂದ್ಯಾ?” ಎಂದ ವಾಸಣ್ಣ.

“ನಿನ್ನ ಜೊತೆಗೇ ಬಂದದ್ದಲ್ವಾ ಮಾರಾಯ, ಯಾವಾಗ ಕೊಲ್ಲುದು ನಾನು!”

“ಹಾಗಾದ್ರೆ ನಾನು ಕೊಂದ್ನಾ?”

ಆಗ ಹೆಣ ಗೊರಕೆ ಹೊಡೆಯಿತು.

ವಾಸಣ್ಣ ಕಿಸಕ್ಕೆಂದ. ನಾನು ಬಾಯಿ ಮುಚ್ಚಿಕೊಂಡೆ. ಅಪ್ಪ ತಮಾಷೆ ಮಾಡುತ್ತಿದ್ದಾನೆ, ಅಪ್ಪನಿಗೆ ತಮಾಷೆ ವಾಪಸು ಬಂದಿದೆ ಎಂದು ಒಂದು ಕ್ಷಣ ಅಂದುಕೊಂಡೆ. ಅಣ್ಣ “ಅಪ್ಪಾ, ಕಟ್ ಆಯ್ತು, ಮತ್ತೊಂದು ಸಲ” ಎಂದ. ಅಪ್ಪ ಕಣ್ಣು ತೆರೆಯಲಿಲ್ಲ. ಇನ್ನೊಂದು ಗೊರಕೆ ಬಂತು, ಇನ್ನೂ ಒಂದು. ಹತ್ತಿ ಇಟ್ಟ ಮೂಗಿಗೆ ಉಸಿರು ಸಾಲದೆ ಬಾಯಿ ಸ್ವಲ್ಪ ತೆರೆದು, ತುಳಸಿ ಎಲೆ ಗಲ್ಲದ ಮೇಲೆ ಜಾರಿತ್ತು. ನಾನು ಮೆಲ್ಲಗೆ ಒಂದು ಹೊಳ್ಳೆಯ ಹತ್ತಿ ತೆಗೆದೆ. ಅವನು ಅಲ್ಲಾಡಲಿಲ್ಲ.

“ನಿದ್ದೆ ಹೋಗಿದ್ದಾರೆ” ಎಂದು ವಾಸಣ್ಣ ಪಿಸುಗುಟ್ಟಿದ. ಅವನ ಮುಖದಲ್ಲಿ ನಗು ಇರಲಿಲ್ಲ. “ನಿಜವಾಗಿ ನಿದ್ದೆ ಹೋಗಿದ್ದಾರೆ ಮಕ್ಕಳೇ.”

ಅಣ್ಣ ಫೋನನ್ನು ಸ್ಟೂಲಿನ ಮೇಲಿಟ್ಟ. ನಾವು ಮೂವರೂ ನೆಲದ ಮೇಲೆ ಕೂತೆವು. ತಮ್ಮ ಸೀನು ಬಂತೇನೋ ಎಂದು ನೀಲಿ ಸೀರೆ ಉಟ್ಟು ಬಂದ ಶಾಂತಕ್ಕ ಬಾಗಿಲಲ್ಲೇ ನಿಂತು ನೋಡಿದರು, ಸೆರಗು ಬಾಯಿಗೆ ಹಿಡಿದರು, ಸದ್ದಾಗದಂತೆ ಬಂದು ಗೋಡೆಗೊರಗಿ ಕೂತರು. ಕೆಳಗೆ ಕಾಂಪೌಂಡಿನಲ್ಲಿ ಯಾರೋ ಔಟ್ ಔಟ್ ಎಂದು ಕೂಗುತ್ತಿದ್ದರು. ದೀಪ ಉರಿಯುತ್ತಿತ್ತು. ಅದನ್ನು ಆರಿಸಬೇಕೆಂದು ಯಾರಿಗೂ ತೋಚಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ಬಿಸಿಲು ಚಾಪೆಯ ಅಂಚಿನಿಂದ ಅಪ್ಪನ ಮೊಣಕಾಲಿಗೆ ಬಂದಿತ್ತು.

ಅತ್ತೆ ಬರಬೇಕಾದದ್ದು ಮರುದಿನ. ನೆರೆಮನೆಯವರ ಟಿಕೆಟು ಖಾಲಿ ಬಿದ್ದಿತ್ತೆಂದು ಒಂದು ದಿನ ಮೊದಲೇ ಗಾಡಿ ಹತ್ತಿ, ಕುರ್ಲಾದಲ್ಲಿ ಇಳಿದು ಟ್ಯಾಕ್ಸಿ ಮಾಡಿಕೊಂಡು ಬಂದಿದ್ದರು. ಹೇಳಿದರೆ ತಮ್ಮ ಸುಮ್ಮನೆ ಸ್ಟೇಷನ್ನಿಗೆ ಓಡಿ ಬರುತ್ತಾನೆಂದು ಹೇಳಿರಲಿಲ್ಲ. ತೆರೆದಿದ್ದ ಬಾಗಿಲಲ್ಲಿ ಎರಡೂ ಕೈಯಲ್ಲಿ ಚೀಲ ಹಿಡಿದು ನಿಂತರು. ನಡುವೆ ಚಾಪೆ, ಚಾಪೆಯ ಮೇಲೆ ತಮ್ಮ, ದಕ್ಷಿಣಕ್ಕೆ ತಲೆ, ಎರಡು ಕಡೆ ದೀಪ, ಕಟ್ಟಿದ ಗಲ್ಲ, ಕಟ್ಟಿದ ಹೆಬ್ಬೆರಳು, ಸುತ್ತಲೂ ಮಾತಿಲ್ಲದೆ ಕೂತ ಜನ. ನಾವು ಒಂದು ತಪ್ಪಾದರೂ ಮಾಡಿದ್ದರೆ ಅವರಿಗೆ ಅನುಮಾನ ಬರುತ್ತಿತ್ತೇನೋ. ಒಂದೂ ತಪ್ಪು ಮಾಡಿರಲಿಲ್ಲ.

ಚೀಲ ಕೈಜಾರಿ ಮಾವಿನಹಣ್ಣುಗಳು ಹಾಲ್ ತುಂಬ ಉರುಳಿದವು.

“ಅಯ್ಯೋ ರಘೂ! ನೀನೂ ಹೋದ್ಯಾ! ನಾನು ಬರುವ ತನಕ ಕಾಯ್ಲಿಕ್ಕೆ ಆಗ್ಲಿಲ್ವಾ ನಿನಗೆ!”

“ಶ್... ಅತ್ತೆ, ಮೆಲ್ಲಗೆ” ಎಂದ ಅಣ್ಣ, ತುಟಿಯ ಮೇಲೆ ಬೆರಳಿಟ್ಟು. “ಎಚ್ಚರ ಆಗ್ತದೆ.”

“ಇನ್ನೆಲ್ಲಿಯ ಎಚ್ಚರ ಮಗುವೇ!”

“ಅಲ್ಲ ಅತ್ತೆ” ಎಂದು ನಾನು ಅವರ ಸೆರಗು ಎಳೆದೆ. “ಅಪ್ಪ ಸತ್ತದ್ದಲ್ಲ. ಮಲಗಿದ್ದಾನೆ, ಅಷ್ಟೇ.”

ಅಮ್ಮನನ್ನು ಅದೇ ಜಾಗದಲ್ಲಿ ಮಲಗಿಸಿದ್ದ ದಿನ ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು, “ಅಮ್ಮ ಮಲಗಿದ್ದಾಳೆ ಪುಟ್ಟಿ, ಶಬ್ದ ಮಾಡ್ಬಾರ್ದು” ಎಂದು ಹೇಳಿದ್ದವರು ಇದೇ ಅತ್ತೆ. ಅವರು ಕಲಿಸಿದ ಮಾತನ್ನು ನಾನು ಅವರಿಗೇ ಹೇಳುತ್ತಿದ್ದೇನೆ ಎಂದು ಅವರಿಗನ್ನಿಸಿರಬೇಕು. ನನ್ನನ್ನು ಎದೆಗೆ ಅವುಚಿಕೊಂಡು ಇನ್ನೂ ಜೋರಾಗಿ ಅತ್ತರು. ಅವರ ಸೀರೆಯಲ್ಲಿ ರೈಲಿನ ವಾಸನೆ ಇತ್ತು. ನನ್ನ ಕಾಡಿಗೆ ಮೀಸೆ ಅವರ ರವಿಕೆಗೆ ಮೆತ್ತಿಕೊಂಡಿತು.

“ಅಲ್ರೀ, ಅಳಬ್ಯಾಡ್ರೀ, ಇದು ಸಿನಿಮಾ ರೀ” ಎಂದರು ಶಾಂತಕ್ಕ.

“ಯಾರಮ್ಮ ನೀನು?” ಎಂದು ಅತ್ತೆ ಅವರ ಮೇಲೆ ಹರಿಹಾಯ್ದರು. “ನನ್ನ ತಮ್ಮ ಹೋಗಿದ್ದಾನೆ, ನೀನು ಸಿನಿಮಾದ ಮಾತಾಡ್ತಿ!”

ವಾಸಣ್ಣ ಕಳ್ಳನ ವೇಷದಲ್ಲಿ, ಕುತ್ತಿಗೆಗೆ ಕರವಸ್ತ್ರ ಕಟ್ಟಿಕೊಂಡು, ಏನು ಹೇಳಿದರೂ ಕೆಟ್ಟೆ ಎಂದು ಗೋಡೆಗೆ ಅಂಟಿಕೊಂಡಿದ್ದ. ಅತ್ತೆ ನನ್ನನ್ನು ಬಿಟ್ಟು ಚಾಪೆಯ ಪಕ್ಕ ಕುಸಿದು ಅಪ್ಪನ ಎದೆಯ ಮೇಲೆ ತಲೆಯಿಟ್ಟರು. ಅಪ್ಪ ಕಣ್ಣು ತೆರೆದ.

“ಅಕ್ಕಾ?” ಎಂದ, ಕಟ್ಟಿದ ಗಲ್ಲದ ನಡುವಿನಿಂದ. “ನೀನು ನಾಳೆ ಅಲ್ವಾ ಬರುದು?”

ಆಗ ಅತ್ತೆ ಕಿರುಚಿದ್ದನ್ನು ಬಿಲ್ಡಿಂಗಿನವರೆಲ್ಲ ಕೇಳಿದರು. ಅವರು ಹಿಂದಕ್ಕೆ ಬಿದ್ದರು, ಅವರನ್ನು ಹಿಡಿಯಲು ಅಪ್ಪ ದಡಬಡಿಸಿ ಏಳಹೋಗಿ, ಹೆಬ್ಬೆರಳು ಕಟ್ಟಿದ್ದರಿಂದ ಬೋರಲು ಬಿದ್ದ. ಕಾಲಿನ ಕಡೆಯ ದೀಪ ಮಗುಚಿ ಚಾಪೆಗೆ ಎಣ್ಣೆ ಹರಿಯಿತು. ವಾಸಣ್ಣ ಒದ್ದೆ ಬಟ್ಟೆ ತಂದು ಬೆಂಕಿ ಬಡಿದ. ಬಾಗಿಲಲ್ಲಿ ಜನ ಸೇರಿದರು. ಶಾಂತಕ್ಕ ಒಬ್ಬರೇ ಕೂತಲ್ಲೇ ನಗಲು ಶುರುಮಾಡಿದರು, ಅವರಿಗೆ ನಿಲ್ಲಿಸಲಾಗಲಿಲ್ಲ.

ಎಲ್ಲ ತಿಳಿದ ಮೇಲೆ ಅತ್ತೆಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ವರ್ಷ ಕಳೆಯದ ಮನೆಯಲ್ಲಿ ಹೆಣದ ಆಟವೇ! ದೀಪ ಹಚ್ಚಿ, ಕಾಯಿ ಒಡೆದು! ಮಕ್ಕಳಿಗೆ ಬುದ್ಧಿ ಇಲ್ಲ, ಹೇಳುವವರಿಲ್ಲ, ದೊಡ್ಡವನಾದವನು ತಾನೇ ಹೋಗಿ ಮಲಗುವುದೇ! ಎಲ್ಲರೂ ತಲೆಗೆ ಸ್ನಾನ ಮಾಡಬೇಕೆಂದರು. ಆಮೇಲೆ ನನ್ನ ತೋಳು ಹಿಡಿದುಕೊಂಡು ಹೇಳಿದರು: “ಬರುವ ಗಾಡಿಗೆ ಇವಳನ್ನು ಕರ್ಕೊಂಡು ಹೋಗ್ತೇನೆ. ಇನ್ನು ನಿನ್ನ ನೋಡುವ ಗೀಡುವ ಎಲ್ಲ ಬೇಡ.”

ಅಪ್ಪ ನೆಲದಲ್ಲಿ ಕೂತು ಹೆಬ್ಬೆರಳಿನ ದಾರದ ಜೊತೆ ಗುದ್ದಾಡುತ್ತಿದ್ದ. ಒಂದು ಹೊಳ್ಳೆಯಲ್ಲಿ ಹತ್ತಿ ಹಾಗೇ ಇತ್ತು.

“ಇದನ್ನು ಕಟ್ಟಿದ್ದು ಯಾರು? ಬಿಚ್ಚಲಿಕ್ಕೇ ಬರುದಿಲ್ಲ.”

“ನಾನು” ಎಂದೆ.

ಅವನು ನನ್ನನ್ನು ನೋಡಿದ. ತಿಂಗಳುಗಟ್ಟಲೆ ಆದ ಮೇಲೆ ನನ್ನನ್ನು ಸರಿಯಾಗಿ ನೋಡಿದ. ಅವನ ಕಣ್ಣು ನಿದ್ದೆಯಿಂದ ಊದಿಕೊಂಡಿತ್ತು, ಮುಖದ ಮೇಲೆ ಚಾಪೆಯ ಗೆರೆಗಳಿದ್ದವು.

“ಇಲ್ಲ ಅಕ್ಕ” ಎಂದ. “ಅವಳನ್ನು ಕಳಿಸುದಿಲ್ಲ.”

“ಎಂತ?”

“ಇಬ್ಬರೂ ಇಲ್ಲೇ ಇರ್ಲಿ, ಒಟ್ಟಿಗೆ. ಅವರನ್ನು ಬೇರೆ ಮಾಡುದು ಬೇಡ.”

“ಇಲ್ಲಿಯಾ? ಈ ಅವಸ್ಥೆಯಲ್ಲಾ?”

“ಹೂಂ, ಈ ಅವಸ್ಥೆಯಲ್ಲೇ.” ಆಮೇಲೆ ಅವನು, “ಹಸಿವಾಗ್ತಾ ಉಂಟು, ತಿನ್ಲಿಕ್ಕೆ ಏನಾದ್ರೂ ಉಂಟಾ?” ಎಂದು ಕೇಳಿದ.

ಅತ್ತೆ ಬಹಳ ಹೊತ್ತು ಕುರ್ಚಿಯಲ್ಲಿ ಕೂತೇ ಇದ್ದರು. ಆಮೇಲೆ ಸ್ನಾನ ಮಾಡಿ, ಉರುಳಿದ ಮಾವಿನಹಣ್ಣುಗಳನ್ನು ಸೋಫಾದ ಅಡಿಯಿಂದ ಆರಿಸಿ ತಂದು ಸಾಸಿವೆ ಮಾಡಿದರು. ಕಾಯಿ, ಬೆಲ್ಲ, ಸಾಸಿವೆ ಅರೆದು ಹಾಕಿದ ಹಣ್ಣಿನ ಆ ಪದಾರ್ಥ ಮನೆಯಲ್ಲಿ ಅಮ್ಮನ ನಂತರ ಆದದ್ದು ಆವತ್ತೇ. ಅಪ್ಪ ಎರಡು ಸಲ ಅನ್ನ ಹಾಕಿಸಿಕೊಂಡ. ಬಡಿಸುತ್ತಾ ಬಡಿಸುತ್ತಾ ಅತ್ತೆಗೇ ನಗು ಬಂದು, “ಅಷ್ಟು ಹತ್ತಿ ತುರುಕುದಾ ಮಕ್ಕಳೇ, ಅವನಿಗೆ ನಿಜವಾಗಿ ಉಸಿರು ಕಟ್ಟಿದ್ರೆ?” ಎಂದು ಮುಖ ಆಚೆ ತಿರುಗಿಸಿದರು. ನನ್ನ ಟಿಕೆಟ್ ಕ್ಯಾನ್ಸಲ್ ಆಯಿತು. ಅವರು ಶಾಲೆ ಶುರುವಾಗುವ ತನಕ ಇದ್ದು, ನನಗೆ ತಲೆಬಾಚಿ ಎರಡು ಜಡೆ ಹಾಕಿಕೊಳ್ಳಲು ಕಲಿಸಿ, ಒಬ್ಬರೇ ವಾಪಸು ಹೋದರು.

ಅಪ್ಪ ಆಮೇಲೆ ಮಲಗುವುದನ್ನು ಮತ್ತೆ ಕಲಿತ. ಮಾತು ಪೂರ್ತಿ ಬರಲಿಲ್ಲ, ಬೇಕಾದಷ್ಟು ಬಂತು.

ಸಿನಿಮಾ ಮಾತ್ರ ಮುಗಿಯಲಿಲ್ಲ. ಅತ್ತೆ ಇರುವಷ್ಟು ದಿನ ಅದರ ಹೆಸರೆತ್ತುವಂತಿರಲಿಲ್ಲ. ವಾಸಣ್ಣ ಆ ರಾತ್ರಿಯೇ ಜ್ವರ ಬಂದು ಮಲಗಿ, ಅದು ಹೆಣದ ಆಟದ ಫಲ ಎಂದು ತೀರ್ಮಾನಿಸಿ, ಕಳ್ಳತನಕ್ಕೆ ರಾಜೀನಾಮೆ ಕೊಟ್ಟ. ಕಟ್ ಅಂದವನು ನಿಲ್ಲಿಸಲು ಮರೆತು ಸ್ಟೂಲಿನ ಮೇಲಿಟ್ಟ ಫೋನು ರೆಕಾರ್ಡ್ ಮಾಡುತ್ತಲೇ ಇದ್ದದ್ದರಿಂದ ಅತ್ತೆ ಬಂದದ್ದು, ಅತ್ತದ್ದು, ಅಪ್ಪ ಬಿದ್ದದ್ದು ಎಲ್ಲ ಅದರಲ್ಲಿ ಬಂದಿತ್ತು. ಅದನ್ನು ಶಾಂತಕ್ಕನ ಮನೆಯಲ್ಲಿ ಗುಟ್ಟಾಗಿ ನೋಡಿದೆವು. ಕೊನೆ ಹೇಗೆ ಎಂಬುದರ ಮೇಲೆ ನಮ್ಮಿಬ್ಬರಿಗೂ ಜಗಳ. ಸತ್ತವನು ಎದ್ದು ಕೂರಬೇಕು ಎಂದು ಅಣ್ಣ. ಕಳ್ಳರು ಕೊನೆಯವರೆಗೂ ಆ ಮನೆಯಲ್ಲೇ ಉಳಿದುಬಿಡಬೇಕು ಎಂದು ನಾನು. ಮಳೆ ಬಂತು, ಶಾಲೆ ಬಂತು, ಫೋನು ಒಂದು ದಿನ ಆನ್ ಆಗಲಿಲ್ಲ. ಮನೆ ಬದಲಿಸುವಾಗ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ.

ಈಗ ಅತ್ತೆ ಇಲ್ಲ, ಅಪ್ಪನೂ ಇಲ್ಲ. ಅಣ್ಣ ಮಾಲಾಡಿನ ಒಂದು ಸ್ಟುಡಿಯೋದಲ್ಲಿ ಟೀವಿಯ ಕ್ರೈಮ್ ಸೀರಿಯಲ್ ಎಡಿಟ್ ಮಾಡುತ್ತಾನೆ. ಇಡೀ ದಿನ ಹೆಣಗಳನ್ನು ಕತ್ತರಿಸಿ ಜೋಡಿಸುವುದು ಎಂದು ಮೊದಮೊದಲು ನಗುತ್ತಿದ್ದ. ಲೋಕಲ್ ರೈಲಿನಲ್ಲಿ ಅವನದ್ದು ವೆಸ್ಟರ್ನ್ ಲೈನು, ನನ್ನದು ಹಾರ್ಬರ್. ನಮ್ಮ ನಡುವೆ ಜಗಳವಾಗಿಲ್ಲ. ಆಗಿದ್ದರೆ ಕೇಳಿದವರಿಗೆ ಹೇಳಲು ಒಂದು ಕಾರಣವಾದರೂ ಇರುತ್ತಿತ್ತು. ಗಣೇಶ ಚೌತಿಗೆ ಸಿಗುತ್ತೇವೆ, ಸಿಗದ ವರ್ಷವೂ ಉಂಟು. ಅವನ ಮಗ ನನ್ನನ್ನು ಅತ್ತೆ ಅನ್ನುವ ಬದಲು ಹಿಂದಿಯಲ್ಲಿ ಬುವಾ ಅನ್ನುತ್ತಾನೆ. ಹೊಗಳಿದರೆ ಆ ಹುಡುಗ ನಾಚುತ್ತಾನೆ, ಅದರಾಚೆ ಅವನ ಬಗ್ಗೆ ನನಗೆ ಹೆಚ್ಚೇನೂ ತಿಳಿದಿಲ್ಲ.

ಇದನ್ನು ಬರೆಯಲು ಕೂತಾಗ, ಆ ಪಿಕ್ಚರಿಗೆ ನಾವು ಇಟ್ಟ ಹೆಸರು ಏನೆಂದು ನೆನಪಾಗಲಿಲ್ಲ. ಅಣ್ಣನಿಗೆ ಫೋನು ಮಾಡಿದೆ. ಹಿಂದೆ ಸ್ಟೇಷನ್ನಿನ ಗದ್ದಲ ಕೇಳುತ್ತಿತ್ತು.

“ಯಾವ ಫಿಲ್ಮ್?” ಎಂದ.

“ಅದೇ, ಅಪ್ಪ ಹೆಣ ಆಗಿದ್ದು.”

“ಹಾಂ, ಹಾಂ. ಅದು. ಅದನ್ನ ನಾವು ಮುಗಿಸಿದ್ವಾ?”

“ಇಲ್ಲ.”

“ಓಕೆ. ಹೆಸರು ಗೊತ್ತಿಲ್ಲ ಯಾರ್, ನೆನಪಾದ್ರೆ ಮೆಸೇಜ್ ಹಾಕ್ತೇನೆ. ಬೇರೆ ಏನು?”

“ಏನಿಲ್ಲ” ಎಂದೆ. ಲೋಕಲ್ ಬಂತೆಂದು ಅವನು ಫೋನು ಇಟ್ಟ. ಮೆಸೇಜ್ ಬಂದಿಲ್ಲ. ಬರುತ್ತದೆಂದು ನಾನು ಕಾದೂ ಇಲ್ಲ.

ನನಗೆ ಬೇಸರವಾಗಬೇಕಿತ್ತು, ಆಗಲಿಲ್ಲ. ಕೆಲವೊಮ್ಮೆ ಅನ್ನಿಸುತ್ತದೆ, ಆವತ್ತು ಅತ್ತೆ ನನ್ನನ್ನು ಕರೆದುಕೊಂಡು ಹೋಗಿದ್ದರೆ ಊರಿನಲ್ಲಿ ಕೂತು, ಅಣ್ಣ ದೂರದ ಬೊಂಬಾಯಿಯಲ್ಲಿದ್ದಾನೆ ಎಂದು ಅಳುತ್ತಿದ್ದೆ. ಅಳಲು ಒಬ್ಬ ಅಣ್ಣ ಇರುತ್ತಿದ್ದ. ಈಗ ಅವನು ಇರುವುದು ಲೋಕಲ್ ಬದಲಿಸಿದರೆ ಸಿಗುವ ಮೀರಾ ರೋಡಿನಲ್ಲಿ.